ಸ್ಪೀಕರ್ ಆಯ್ಕೆಗೆ 15 ಸುತ್ತು ಯಾಕೆ ಬೇಕಾಯಿತು?

2023ರ ಜನವರಿಯಲ್ಲಿ ಅಮೆರಿಕದ ಕೆಳಮನೆ ಸ್ಪೀಕರನ್ನು ಆರಿಸೋಕೆ ಅಷ್ಟು ಒದ್ದಾಡಿದ್ದು ಯಾಕೆ ಅಂತ ಕೇಳಿದ್ದೀರಿ. ರಿಪಬ್ಲಿಕನ್ನರು 222, ಡೆಮಾಕ್ರಟರು 212. ಬಹುಮತವೇನೋ ಇತ್ತು, ಆದರೆ ಸ್ವಂತ ಪಕ್ಷದ ಸುಮಾರು 20 ಜನ ರಿಪಬ್ಲಿಕನ್ ಅಭ್ಯರ್ಥಿ ಕೆವಿನ್ ಮೆಕಾರ್ಥಿಯವರನ್ನು ಒಪ್ಪಲಿಲ್ಲ.

ಅಲ್ಲಿ ಒಬ್ಬೊಬ್ಬರ ಹೆಸರು ಕರೆದಾಗಲೂ ಅವರು ತಮ್ಮ ಅಭ್ಯರ್ಥಿಯ ಹೆಸರನ್ನು ಕೂಗಿ ಹೇಳಬೇಕು. ಯಾರಾದರೂ ಒಬ್ಬರ ಹೆಸರು ಹೇಳಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಸುಮ್ನೆ 'ಹಾಜರ್' ಅಂದವರು ಲೆಕ್ಕಕ್ಕಿಲ್ಲ. ಮಜಾ ಇರೋದೇ ಇಲ್ಲಿ. 14ನೇ ಸುತ್ತಲ್ಲಿ ಮೆಕಾರ್ಥಿಗೆ 216 ಮತ, ಬೇಕಿದ್ದದ್ದು 217. ಸೋತರು. 15ನೇ ಸುತ್ತಲ್ಲೂ ಅದೇ 216, ಗೆದ್ದರು! ಉಳಿದ ಆರು ಬಂಡಾಯಗಾರರೂ 'ಹಾಜರ್' ಅಂದರು, ಬೇಕಾದ ಸಂಖ್ಯೆ 215ಕ್ಕೆ ಇಳಿಯಿತು. ನಮ್ಮಲ್ಲಿ ಆಗ ಶನಿವಾರ ಬೆಳಗ್ಗೆ 11 ದಾಟಿತ್ತು. ಹಂಪನಕಟ್ಟೆಯ ಹೋಟೆಲಲ್ಲಿ ಬನ್ಸ್ ತಿನ್ನುತ್ತಾ ಮೊಬೈಲಲ್ಲಿ ನೋಡಿದ್ದೆ, ಚಾ ಆರಿಹೋಗಿತ್ತು.

ಸ್ಪೀಕರ್ ಇಲ್ಲದೆ ಅಲ್ಲಿ ಸದಸ್ಯರ ಪ್ರಮಾಣವಚನವೂ ಆಗೋದಿಲ್ಲ. ನಮ್ಮಲ್ಲಿ ಅದಕ್ಕೆ ಹಂಗಾಮಿ ಸ್ಪೀಕರ್ ಇರುತ್ತಾರೆ. ಮೇಲಾಗಿ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಮೀರಿದರೆ ಸೀಟಿಗೇ ಕುತ್ತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಮಂಗಳೂರು ಕ್ಷೇತ್ರದ ಯು.ಟಿ. ಖಾದರ್ ವಿಧಾನಸಭೆಯ ಸ್ಪೀಕರ್ ಆಗಿದ್ದು ಅವಿರೋಧವಾಗಿ, ನೆನಪಿದೆ ಅಲ್ವಾ?

ಅಂದ ಹಾಗೆ, 15 ದಾಖಲೆಯೇನಲ್ಲ. 1855-56ರಲ್ಲಿ ಅಲ್ಲಿ 133 ಸುತ್ತು ನಡೆದಿತ್ತು. ಮೆಕಾರ್ಥಿಯಂತೂ 2023ರ ಅಕ್ಟೋಬರ್ 3ಕ್ಕೇ ಕುರ್ಚಿ ಕಳೆದುಕೊಂಡರು.