ಪೇಸ್ಟಿನ ಫ್ಲೋರೈಡ್ ಬೇರೆ, ಫ್ಲೋರಿನ್ ಅನಿಲ ಬೇರೆ

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರ: 'ಫ್ಲೋರಿನ್ ತಾಗಿದರೆ ಕಬ್ಬಿಣದ ನಾರಿಗೂ ಬೆಂಕಿ ಹತ್ತುತ್ತೆ ಅಂತಾನೆ ಪಿಯುಸಿ ಓದುವ ಮಗ. ನಮ್ಮ ಟೂತ್‌ಪೇಸ್ಟಿನ ಮೇಲೆ ಫ್ಲೋರೈಡ್ ಅಂತ ಬರೆದಿದೆ. ಎಸೆದುಬಿಡಲೇ?'

ಸಂಪಾದಕರ ಉತ್ತರ: ಎಸೆಯಬೇಡಿ. ಮಗ ಹೇಳಿದ್ದೂ ನಿಜವೇ.

ಫ್ಲೋರಿನ್ ತಿಳಿ ಹಳದಿ ಅನಿಲ. ಎಲೆಕ್ಟ್ರಾನ್ ಎಳೆದುಕೊಳ್ಳುವುದರಲ್ಲಿ ಇದನ್ನು ಮೀರಿಸಿದ ಧಾತುವಿಲ್ಲ. ನೀರನ್ನೂ ಬಿಡದು. ನಮ್ಮ ಮಳೆಗಾಲದಂಥ ತೇವದ ಗಾಳಿಗೆ ಸೋರಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಅದು ಸುಡುತ್ತದೆ.

ಫ್ಲೋರಿನನ್ನು ಬೇರ್ಪಡಿಸಿ ಹಿಡಿಯಲು ಹೋಗಿ ರಸಾಯನ ವಿಜ್ಞಾನಿಗಳಾದ ಬೆಲ್ಜಿಯಂನ ಲೂಯೆ, ಫ್ರಾನ್ಸಿನ ನಿಕ್ಲೆಸ್ ಜೀವ ಕಳೆದುಕೊಂಡರು. ಕೊನೆಗೆ 1886ರ ಜೂನ್ 26ರಂದು ಪ್ಯಾರಿಸ್‌ನಲ್ಲಿ ಆನ್ರಿ ಮೊಯ್ಸಾನ್ ಗೆದ್ದರು. ಪ್ಲಾಟಿನಂ ಕೊಳವೆಯಲ್ಲಿ ನೀರಿನಂಶವೇ ಇಲ್ಲದ ಹೈಡ್ರೋಜನ್ ಫ್ಲೋರೈಡ್. ಕರೆಂಟ್ ಹರಿಯಲೆಂದು ಅದರಲ್ಲಿ ಪೊಟ್ಯಾಸಿಯಂ ಲವಣ. ಇಡೀ ಸಲಕರಣೆಯನ್ನು ಕೊರೆಯುವಷ್ಟು ತಣ್ಣಗಿಟ್ಟು ವಿದ್ಯುತ್ ಹಾಯಿಸಿದರು. ಹೊರಬಂದ ಅನಿಲ ತಾಗಿದ್ದೇ ತಡ, ಸಿಲಿಕಾನ್ ಹರಳು ಹೊತ್ತಿ ಉರಿಯಿತು! 1906ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ಕಾರ್ಖಾನೆಗಳು ಫ್ಲೋರಿನ್ ತಯಾರಿಸುವುದು ವಿದ್ಯುತ್ ಹಾಯಿಸಿಯೇ. ನಿಕ್ಕಲ್ ಪಾತ್ರೆ ಇದನ್ನು ತಡೆದುಕೊಳ್ಳುತ್ತದೆ. ಒಳಮೈ ಮೇಲೆ ಫ್ಲೋರೈಡಿನ ತೆಳು ಪದರ ಕಟ್ಟಿಕೊಂಡು ಲೋಹವನ್ನು ಕಾಯುತ್ತದೆ.

ಹೀಗೆ ತಯಾರಾದ ಫ್ಲೋರಿನ್‌ನ ದೊಡ್ಡ ಪಾಲು ಅಣು ಇಂಧನಕ್ಕೆ ಬೇಕಾದ ಯುರೇನಿಯಂ ಹೆಕ್ಸಾಫ್ಲೋರೈಡ್‌ಗೆ ಹೋಗುತ್ತದೆ. ಇನ್ನೊಂದು ಪಾಲು ಸಲ್ಫರ್ ಹೆಕ್ಸಾಫ್ಲೋರೈಡ್‌ಗೆ. ವಿದ್ಯುತ್ ಸಬ್‌ಸ್ಟೇಷನ್‌ಗಳ ದೊಡ್ಡ ಬ್ರೇಕರ್‌ಗಳಲ್ಲಿ ಕಿಡಿ ಆರಿಸುವುದು ಅದೇ. ಆದರೆ ಸೋರಲು ಬಿಡಬಾರದು. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 20 ಸಾವಿರ ಪಟ್ಟಿಗೂ ಜಾಸ್ತಿ.

ಈಗ ಪೇಸ್ಟಿನ ವಿಷಯ. ಕ್ಲೋರಿನ್ ವಿಷಾನಿಲ, ಸೋಡಿಯಂ ಜೊತೆ ಸೇರಿದರೆ ಅಡುಗೆ ಉಪ್ಪು, ಅಲ್ವಾ? ಫ್ಲೋರೈಡೂ ಹಾಗೇ. ಫ್ಲೋರಿನ್‌ಗೆ ಎಲೆಕ್ಟ್ರಾನ್ ಸಿಕ್ಕಿ ಫ್ಲೋರೈಡ್ ಆದ ಮೇಲೆ ಅದಕ್ಕೆ ಆ ಆರ್ಭಟವಿಲ್ಲ. ನಿಮ್ಮ ತೋಟಕ್ಕೆ ಹಾಕುವ ರಾಕ್ ಫಾಸ್ಫೇಟಿನಲ್ಲೂ ಫ್ಲೋರೈಡ್ ಇದೆ. ಹಲ್ಲಿನ ಹೊರಕವಚ ಹುಳಿಗೆ ಸುಲಭವಾಗಿ ಕರಗದಂತೆ ಪೇಸ್ಟಿನ ಫ್ಲೋರೈಡ್ ಗಟ್ಟಿ ಮಾಡುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ನುಂಗದಂತೆ ನೋಡಿಕೊಳ್ಳಿ. ಅತಿಯಾದರೆ ಕೆಟ್ಟದ್ದೇ. ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಜನರ ಹಲ್ಲು, ಮೂಳೆ ಹಾಳಾಗಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ.

ನನಗೆ ನಿಜಕ್ಕೂ ಭಯ ಇರುವುದು ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳ ಬಗ್ಗೆ. ಅವುಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ, ಅಂದರೆ ನೀರಿನಲ್ಲಿ ಕರಗಿದ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಚರ್ಮಕ್ಕೆ ತಾಗಿದರೆ ಕೆಲವೊಮ್ಮೆ ಗಂಟೆಗಟ್ಟಲೆ ನೋವೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಹೃದಯವೇ ನಿಲ್ಲಬಹುದು. ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, ನೋವು ಬರುವ ತನಕ ಕಾಯದೆ ಆಸ್ಪತ್ರೆಗೆ ಹೋಗಿ. ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಇದಕ್ಕೆ ಮದ್ದಾದ ಕ್ಯಾಲ್ಸಿಯಂ ಗ್ಲುಕೋನೇಟ್ ಬೇಕೆಂದು ವೈದ್ಯರಿಗೆ ಅದನ್ನು ನೋಡಿದರೆ ತಿಳಿಯುತ್ತದೆ.