ಸ್ಕ್ರೀನ್ ತುಂಬ ಮೀನು, ಬಲಿಯಾಗ ಯಾಕಿಲ್ಲ?

ಪ್ರಶ್ನೆ: ನಮ್ಮ ಕಾಕಾ ತುಂಗಭದ್ರಾ ಡ್ಯಾಮಿನ ಹಿನ್ನೀರಾಗ ಮೀನು ಹಿಡಿತಾರ. ಈಗ ಫಿಶ್ ಫೈಂಡರ್ ತಂದಾರ, ಸ್ಕ್ರೀನ್ ತುಂಬ ಮೀನಿನ ಚಿತ್ರ ಬರ್ತಾವ, ಬಲಿ ಹಾಕಿದ್ರ ಅಷ್ಟು ಸಿಗಂಗಿಲ್ಲ. ಸಮುದ್ರದಾಗ ಸೈಂಟಿಸ್ಟ್‌ಗಳು ಇಂಥದ್ರಿಂದನ ಮೀನಿನ ಲೆಕ್ಕ ಹಾಕ್ತಾರಂತ, ಖರೇನ ಸರ್?
– ಓದುಗ, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ಖರೇ ಐತ್ರಿ. ಆದ್ರ ಮಷಿನ್ನಿಗೆ ಮೀನು ಕಾಣಂಗಿಲ್ಲ, ತಿರುಗಿ ಬಂದ ಸದ್ದಷ್ಟೇ ಗೊತ್ತಾಗ್ತೈತಿ. ದೋಣಿ ತಳದಾಗಿನ ಟ್ರಾನ್ಸ್‌ಡ್ಯೂಸರ್ ನಮ್ಮ ಕಿವಿಗೆ ಕೇಳದಂಥ ಸದ್ದು ಬಿಡ್ತೈತಿ, ಅದು ನೀರಾಗ ಸೆಕೆಂಡಿಗೆ ಸುಮಾರು 1500 ಮೀಟರ್ ಓಡಿ ಏನಕ್ಕರ ಬಡಿದು ವಾಪಸ್ ಬರ್ತೈತಿ, ಹಿಡಿದ ಟೈಮಿನ ಮ್ಯಾಲ ಆಳ ಲೆಕ್ಕ. ಮೀನಿನ ಮೈಯಾಗ ಸದ್ದನ್ನ ಜೋರಾಗಿ ತಿರುಗಿಸೋದು ಮಾಂಸ ಅಲ್ಲ, ಗಾಳಿಚೀಲ. ಕಟ್ಲಾ ಕೊಯ್ಯುವಾಗ ನೋಡ್ರಿ, ಬೆನ್ನೆಲುಬಿನ ಕೆಳಗ ಬೆಳ್ಳಗ ಎರಡು ಭಾಗ ಆಗಿ ಇರ್ತೈತಿ. ಇಂಥ ಮೀನಿನ ಪ್ರತಿಧ್ವನಿಯಾಗ ಸುಮಾರು 90 ಪರ್ಸೆಂಟ್ ಅದರದ್ದೇ. ಅಟ್ಲಾಂಟಿಕ್ ಮ್ಯಾಕೆರೆಲ್‌ಗೆ ಈ ಚೀಲನ ಇಲ್ಲ, ಅದಕ್ಕ ಹಿಂಡು ದೊಡ್ಡದಿದ್ರೂ ಗುರುತು ಮಸುಕ ಬರ್ತೈತಿ.

ಸೈಂಟಿಸ್ಟ್‌ಗಳು ಮೊದಲು ಮಷಿನ್ನನ್ನ ಪರೀಕ್ಷೆ ಮಾಡ್ತಾರ, ನನಗ ಭಾಳ ಮೆಚ್ಚುಗೆ ಇದೇ ಕೆಲಸ. ಲಿಂಬಿಹಣ್ಣಿನಷ್ಟು, 38.1 ಮಿಲಿಮೀಟರ್ ಅಡ್ಡಳತೆಯ ಟಂಗ್‌ಸ್ಟನ್ ಕಾರ್ಬೈಡ್ ಗುಂಡನ್ನ ಸಣ್ಣ ದಾರದಾಗ ಹಡಗಿನ ಕೆಳಗ ಇಳಿಬಿಡ್ತಾರ, ಅದರಿಂದ ಎಷ್ಟು ಸದ್ದು ಬರಬೇಕು ಅನ್ನೋದು ಮೊದಲ ಗೊತ್ತಿರ್ತೈತಿ, ಫರಕ್ ಬಂದ್ರ ಸರಿ ಮಾಡ್ಕೋತಾರ. ಆಮ್ಯಾಲ ಒಂದು ಪಟ್ಟಿ ನೀರಿನಿಂದ ಬಂದ ಒಟ್ಟು ಸದ್ದನ್ನ ಒಂದು ಮೀನಿನ ಸದ್ದಿನಿಂದ ಭಾಗಿಸಿದ್ರ ಸುಮಾರು ಎಷ್ಟು ಮೀನು ಅಂತ ಸಿಗ್ತೈತಿ. ಯಾವ ಜಾತಿ, ಎಷ್ಟು ಉದ್ದ ಅನ್ನೋಕ ಅವರೂ ಬಲಿ ಹಾಕಲೇಬೇಕ್ರಿ! 38 ಮತ್ತ 120 ಕಿಲೋಹರ್ಟ್ಸ್, ಅಂದ್ರ ಸೆಕೆಂಡಿಗೆ 38 ಸಾವಿರ ಮತ್ತ 1 ಲಕ್ಷ 20 ಸಾವಿರ ಸಲ ಕಂಪಿಸೋ ಎರಡೂ ಸದ್ದು ಬಿಟ್ಟು ಹೋಲಿಸಿ ನೋಡ್ತಾರ, ಕ್ರಿಲ್ ಅನ್ನೋ ಸೀಗಡಿಯಂಥ ಜೀವಿ 120ರಾಗ ಜೋರಾಗಿ ಕಾಣ್ತೈತಿ.

1942ರಾಗ ಯುದ್ಧದ ಹೊತ್ತಿಗೆ ಕ್ಯಾಲಿಫೋರ್ನಿಯಾ ಕಡಲಾಗ ಹಿಂಗ ಸದ್ದು ಬಿಟ್ಟು ನೋಡ್ತಿದ್ದ ಅಮೆರಿಕದವರಿಗೆ ನೂರಾರು ಮೀಟರ್ ಆಳದಾಗ ಇನ್ನೊಂದು ತಳ ಇದ್ದಂಗ ಸದ್ದು ಬಂತು. ರಾತ್ರಿ ಆದ್ರ ಅದು ಮ್ಯಾಲ ಏರತಿತ್ತು. ತಳ ಎಲ್ಲರ ಏರ್ತೈತೇನು? ಅದು ಸಣ್ಣ ಮೀನು, ಸೀಗಡಿ, ಅಂಬಲಿ ಮೀನಿನಂಥ ಜೀವಿಗಳ ಪದರ ಅಂತ ಆಮ್ಯಾಲ ತಿಳೀತು.

ನಿಮ್ಮ ಕಾಕಾಗ ಇಷ್ಟು ಹೇಳ್ರಿ. ಗಾಳಿ ಗುಳ್ಳಿ, ಮುಳುಗಿದ ಗಿಡದ ಕೊಂಬಿ, ಬಿಸಿ-ತಣ್ಣನ ನೀರು ಕೂಡೋ ಪದರ, ಇವೆಲ್ಲಾ ಸದ್ದು ತಿರುಗಿಸ್ತಾವ, ಮಷಿನ್ ಅದಕ್ಕೂ ಮೀನಿನ ಚಿತ್ರ ಹಾಕಿಬಿಡಬಹುದು. ಸೆಟ್ಟಿಂಗ್‌ನಾಗ ಆ ಚಿತ್ರ ಆಫ್ ಮಾಡ್ರಿ, ಬರೇ ಗೆರೆ ನೋಡ್ರಿ, ದೋಣಿ ಮುಂದ ಹೋಗ್ತಿರುವಾಗ ಮೀನು ಬಿಲ್ಲಿನಂಗ ಬಾಗಿದ ಗೆರೆ ಆಗಿ ಬರ್ತೈತಿ. ಅಂಥ ಗೆರೆ ಕಂಡಲ್ಲಿ ಬಲಿ ಹಾಕಿ, ಆಳ ಮತ್ತ ಸಿಕ್ಕ ಮೀನು ಎರಡನ್ನೂ ಒಂದು ನೋಟ್‌ಬುಕ್ಕಿನಾಗ ಬರೀತಾ ಹೋಗ್ರಿ.