ಒಂದೇ ಕೆಲಸಕ್ಕೆ ಎರಡು ಹಾರ್ಮೋನು ಯಾಕೆ?

ಪ್ರಶ್ನೆ: ಆಕ್ಸಿನ್, ಜಿಬ್ಬರೆಲಿನ್ ಎರಡೂ ಕಾಂಡವನ್ನು ಉದ್ದ ಮಾಡುತ್ತವೆ ಎಂದು ಪುಸ್ತಕದಲ್ಲಿದೆ. ಒಂದು ಸಾಲದಾ ಸರ್?
– ಪ್ರಥಮ ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಕಾಲೇಜಿನಲ್ಲಿ ಪಾಠ ಮಾಡುವಾಗ ಯಾರಾದರೂ ಇದನ್ನು ಕೇಳಲಿ ಎಂದು ಕಾದಿದ್ದೆ. ನಿವೃತ್ತನಾದ ಮೇಲೆ ನೀನು ಕೇಳಿದೆ!

ಎರಡರ ಕೆಲಸ ಒಂದೇ ಅಲ್ಲಮ್ಮ. ಎಳೆ ಕಾಂಡದ ಜೀವಕೋಶದೊಳಗೆ ನೀರಿನ ಒತ್ತಡ ಸದಾ ಇರುತ್ತದೆ. ಕೋಶವನ್ನು ಹಿಗ್ಗಲು ಬಿಡದೆ ಹಿಡಿದಿರುವುದು ಹೊರಗಿನ ಗಟ್ಟಿ ಕೋಶಭಿತ್ತಿ. ಭಿತ್ತಿಗೆ ಅಂಟಿಕೊಂಡಿರುವ ಕೋಶಪೊರೆಯಲ್ಲಿ ಪ್ರೋಟಾನ್ (ಹುಳಿ ತರುವ ಹೈಡ್ರೋಜನ್ ಅಯಾನು) ಪಂಪುಗಳಿವೆ. ಆಕ್ಸಿನ್ ಬಂದಾಗ ಪಂಪಿನ ಬಾಲದ ತುದಿಯ ಹತ್ತಿರ ಒಂದು ಫಾಸ್ಫೇಟ್ ಅಂಟುತ್ತದೆ. ಅಷ್ಟಕ್ಕೇ ಪಂಪು ಚುರುಕಾಗಿ ಪ್ರೋಟಾನುಗಳನ್ನು ಹೊರಗೆ ದಬ್ಬುತ್ತದೆ. ಭಿತ್ತಿ ಹುಳಿಯಾಗುತ್ತದೆ, ಪಿಎಚ್ 5ರ ಆಸುಪಾಸಿಗೆ ಇಳಿಯುತ್ತದೆ. ಆ ಹುಳಿಯಲ್ಲಿ ಎಕ್ಸ್‌ಪಾನ್ಸಿನ್ ಎಂಬ ಪ್ರೋಟೀನುಗಳು ಸೆಲ್ಯುಲೋಸ್ ಎಳೆಗಳ ಹಿಡಿತ ಸಡಿಲಿಸುತ್ತವೆ. ಪೊಟ್ಯಾಸಿಯಂ ಒಳಗೆ ಬರುತ್ತದೆ, ಹಿಂದೆಯೇ ನೀರು. ಕೋಶ ಉದ್ದವಾಗುತ್ತದೆ. ಕತ್ತರಿಸಿದ ಕಾಂಡದ ತುಂಡಿಗೆ ಆಕ್ಸಿನ್ ಕೊಟ್ಟರೆ ಹತ್ತು-ಹದಿನೈದು ನಿಮಿಷದಲ್ಲೇ ಬೆಳವಣಿಗೆ ಅಳೆಯಬಹುದು. 'ಆಮ್ಲ ಬೆಳವಣಿಗೆ' ಎಂಬ ಈ ವಿವರಣೆಯನ್ನು 1970ರ ಸುಮಾರಿಗೆ ಜರ್ಮನಿಯ ಹೇಗರ್, ಅಮೆರಿಕದ ರೇಲ್ ಮತ್ತು ಕ್ಲೀಲ್ಯಾಂಡ್ ಮುಂದಿಟ್ಟರು.

ಜಿಬ್ಬರೆಲಿನ್‌ಗೆ ಇಷ್ಟು ಅವಸರವಿಲ್ಲ. ಅದು ಡೆಲ್ಲಾ ಎಂಬ ಪ್ರೋಟೀನುಗಳನ್ನು ನಾಶ ಮಾಡಿಸುತ್ತದೆ. ಡೆಲ್ಲಾ ಇದ್ದಷ್ಟು ಹೊತ್ತು ಆಕ್ಸಿನ್ ಎಬ್ಬಿಸುವ ಹಲವು ಜೀನುಗಳಿಗೆ ಬ್ರೇಕ್ ಬಿದ್ದಿರುತ್ತದೆ. ಪಂಪಿನ ಬಾಲದ ಆ ಫಾಸ್ಫೇಟ್ ಉದುರದಂತೆ ಕಾಯುವ ಪುಟ್ಟ ಪ್ರೋಟೀನುಗಳ ಜೀನುಗಳೂ ಅವುಗಳಲ್ಲಿವೆ. ಪಂಪು ಶುರುವಾದರೆ ಸಾಲದು, ಓಡುತ್ತಲೂ ಇರಬೇಕು, ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಟ್ಯಾಸ್ಮೇನಿಯಾದ ಬಟಾಣಿ ಪ್ರಯೋಗ. 2000ದಲ್ಲಿ ಪ್ರಕಟವಾಯಿತು. ಆಕ್ಸಿನ್ ತಯಾರಾಗುವ ಗಿಡದ ತುದಿಯನ್ನು ಕತ್ತರಿಸಿದರು, ಕಾಂಡದಲ್ಲಿ ಜಿಎ1 ಎಂಬ ಜಿಬ್ಬರೆಲಿನ್ ಕುಸಿಯಿತು. ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಹಚ್ಚಿದರು, ಜಿಎ1 ಮತ್ತೆ ಏರಿತು. ಅಂದರೆ ಜಿಬ್ಬರೆಲಿನ್ ತಯಾರಿಕೆಗೂ ಆಕ್ಸಿನ್ನೇ ಕುಮ್ಮಕ್ಕು. ಮೆಂಡೆಲ್ ಬೆಳೆಸಿದ ಗಿಡ್ಡ ಬಟಾಣಿ ನೆನಪಿದೆಯಾ? ಜಿಎ1 ತಯಾರಿಸುವ ಕೊನೆಯ ಹಂತದಲ್ಲೇ ಅದಕ್ಕೆ ಕೊರತೆ. ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟರೆ ಅದೂ ಉದ್ದ ಬೆಳೆಯುತ್ತದೆ.

ಮೂರನೆಯವನೂ ಒಬ್ಬನಿದ್ದಾನೆ. ನೀರು ಸಾಲದಾದಾಗ ಹೆಚ್ಚುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಪಂಪಿನ ಆ ಫಾಸ್ಫೇಟನ್ನೇ ತೆಗೆಸಿಬಿಡುತ್ತದೆ. ಪಂಪು ಮಂದ, ಬೆಳವಣಿಗೆಯೂ ಮಂದ.

ಪರೀಕ್ಷೆಯಲ್ಲಿ ಇಷ್ಟೆಲ್ಲ ಬರೆಯಬೇಡ. ಎರಡು ಅಂಕಕ್ಕೆ ಎರಡು ಪುಟ ಓದಲು ಮೌಲ್ಯಮಾಪಕರಿಗೆ ಪುರುಸೊತ್ತಿರುವುದಿಲ್ಲ.